ಓದದೆ ಬಿಟ್ಟ ನಲವತ್ತೊಂದು ಪುಟ

ಜೂನ್ 3, ಸೋಮವಾರ

ಹೊಸ ಪುಸ್ತಕ ಜೋಡಿಸುವ ನನ್ನ ಮೇಜು ಒರೆಸಿದೆ. ಹೊಸ ಐತಿಹಾಸಿಕ ಕಾದಂಬರಿಗಳು ಐದು ಬಂದಿವೆ. ಸೈನ್ಯದ ಹಿಂದೆ ನಡೆದ ಅಡುಗೆಯವಳ ಕಥೆಗೆ ಚೀಟಿ ಬರೆದು ಸಿಕ್ಕಿಸಿದೆ— "ರಾಜ ಬರುವುದು ನೂರು ಪುಟ ಆದಮೇಲೆ. ಅಲ್ಲಿಯವರೆಗೆ ಅವನ ನೆನಪೇ ಆಗುವುದಿಲ್ಲ." ನಕ್ಷೆಕಾರನ ಕಥೆಗೆ ಬರೆಯಲಿಲ್ಲ. ಅರ್ಧ ಬಾಕಿ ಇದೆ. ಪೂರ್ತಿ ಓದದೆ ಚೀಟಿ ಇಲ್ಲ. ಈ ಪುಸ್ತಕದಂಗಡಿಯಲ್ಲಿ ಹದಿನೆಂಟು ವರ್ಷದಿಂದ ನನ್ನದು ಇದೊಂದೇ ಕಾನೂನು. ಯಜಮಾನರು ಹೇಳಿದ್ದಲ್ಲ, ನಾನೇ ಮಾಡಿಕೊಂಡಿದ್ದು.

ಒಂದೇ ಸಲ ಮುರಿದಿದ್ದೇನೆ. ಹೋದ ತಿಂಗಳು, ಕೋಟೆ ಮುತ್ತಿಗೆಯ ಕಾದಂಬರಿ. ತಂಗಿಯ ಆಪರೇಷನ್. ಆಸ್ಪತ್ರೆಯ ಬೆಂಚಿನ ಮೇಲೆ ಓದುತ್ತಿದ್ದೆ. ನಲವತ್ತೊಂದು ಪುಟ ಉಳಿದಿತ್ತು. ಚೀಟಿ ಎಲ್ಲಿ ಅಂತ ಯಜಮಾನರದು ಫೋನ್ ಮೇಲೆ ಫೋನ್. "ಕಣ್ಣು ಮುಚ್ಚಿ ಕೊಂಡುಕೊಳ್ಳಿ" ಅಂತ ಬರೆದುಕೊಟ್ಟೆ. ಈಗ ಎಲ್ಲಕ್ಕಿಂತ ಹೆಚ್ಚು ಹೋಗುತ್ತಿರುವುದು ಅದೇ.

ಯಾರಿಗೂ ಗೊತ್ತಿಲ್ಲ. ಹೋಗಲಿ ಬಿಡು.

ಜೂನ್ 4, ಮಂಗಳವಾರ

ಗೊತ್ತಾಯಿತು.

ನರ್ಸಮ್ಮ ಬಂದಿದ್ದರು. ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ವಾರಕ್ಕೆ ಎರಡು ಐತಿಹಾಸಿಕ ಕಾದಂಬರಿ ಮುಗಿಸುತ್ತಾರೆ. ಪ್ರತಿ ಪುಸ್ತಕಕ್ಕೂ ಅವರದು ಒಂದೇ ಪ್ರಶ್ನೆ— ಇದರಲ್ಲಿ ಮಗು ಸಾಯುತ್ತದಾ? ಎರಡು ವರ್ಷದ ಹಿಂದೆ ಆರು ವರ್ಷದ ಮೊಮ್ಮಗಳು ಹೋದಳು. ಆಮೇಲಿಂದ ನಾನು ಇಲ್ಲ ಅಂದರೆ ಮಾತ್ರ ಕೊಳ್ಳುವುದು. ಮುತ್ತಿಗೆಯ ಪುಸ್ತಕಕ್ಕೂ ಇಲ್ಲ ಅಂದಿದ್ದೆ. ಧೈರ್ಯವಾಗಿ ಓದಿ ಅಂತ ಬೇರೆ ಸೇರಿಸಿದ್ದೆ.

ಪುಸ್ತಕ ಮೇಜಿನ ಮೇಲೆ ಇಟ್ಟರು.

"ಮುನ್ನೂರ ಎಂಬತ್ತೆಂಟನೇ ಪುಟದಲ್ಲಿ ಸಾಯುತ್ತೆ ಕಣಮ್ಮ. ನೀನು ಅಲ್ಲೀತನಕ ಓದಿರ್ಲಿಲ್ಲ, ಅಲ್ವಾ?"

ಮರೆತೆ ಅನ್ನಬಹುದಿತ್ತು. ಓದಿರಲಿಲ್ಲ ಅಂದೆ. ತಲೆಯಾಡಿಸಿ ಹೋದರು. ಬೈದಿದ್ದರೆ ಎಷ್ಟೋ ವಾಸಿ. ಏನೂ ಕೊಳ್ಳಲಿಲ್ಲ.

ಜೂನ್ 6, ಗುರುವಾರ

ನಲವತ್ತೊಂದು ಪುಟ ಓದಿದೆ. ಮಗು ಸಾಯುವುದು ರಾಜನ ಕಣ್ಣಲ್ಲಿ ಎರಡು ಹನಿ ತರಿಸುವುದಕ್ಕೆ. ಮುಂದಿನ ಪುಟದಲ್ಲಿ ರಾಜನೂ ಮರೆತ, ಲೇಖಕರೂ ಮರೆತರು. ಅವರ ಮೇಲೆ ಕೋಪ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಚೀಟಿ ತೆಗೆಯುತ್ತೇನೆ ಅಂದೆ. ಯಜಮಾನರು ಮೊಬೈಲ್ ತೋರಿಸಿದರು. ಶನಿವಾರ ಲೇಖಕರು ಓದುಗರ ಜೊತೆ ಮಾತಾಡಲು ಬರುತ್ತಾರೆ, ಅದಕ್ಕೆ ಬ್ಯಾನರ್. "ಕಣ್ಣು ಮುಚ್ಚಿ ಕೊಂಡುಕೊಳ್ಳಿ— ಅಕ್ಕನ ಚೀಟಿ" ಅಂತ ಮುಷ್ಟಿಗಾತ್ರದ ಅಕ್ಷರ. ಇಲ್ಲಿ ಎಲ್ಲರಿಗೂ ನಾನು ಅಕ್ಕ. ಇವರೊಬ್ಬರಿಗೆ ಮೇಡಂ.

"ಒಂದು ಚೀಟಿ ವಿಷ್ಯ ಮೇಡಂ. ಯಾರು ಅಷ್ಟೊಂದು ನೋಡ್ತಾರೆ?"

ಒಬ್ಬರು ನೋಡಿದರು ಸರ್ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ತಂಗಿಗೆ ಹೇಳಿದರೆ, ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರು ಅನ್ನುತ್ತಾಳೆ. ನನ್ನ ಹೊಟ್ಟೆಯಲ್ಲಿ ಜಾಗವಿಲ್ಲ.

ಜೂನ್ 8, ಶನಿವಾರ. ಬೆಳಿಗ್ಗೆ 8.10

ಯಜಮಾನರಿಗಿಂತ ಮೊದಲು ಬಂದೆ. ದಪ್ಪ ಬಿಳಿ ಹಾಳೆ, ಮಾರ್ಕರ್ ಪೆನ್, ಗೋಂದು. ಬ್ಯಾನರಿನ ಮೇಲೆ, ನನ್ನ ಮಾತು ಮುಚ್ಚುವ ಹಾಗೆ ಅಂಟಿಸಿದೆ—

"ಇದನ್ನು ಕೊಂಡುಕೊಳ್ಳಿ ಅಂತ ಬರೆದಾಗ ನಾನು ಕೊನೆಯ ನಲವತ್ತೊಂದು ಪುಟ ಓದಿರಲಿಲ್ಲ. ತಪ್ಪು ನನ್ನದು. ಈಗ ಓದಿದ್ದೇನೆ. ಮುತ್ತಿಗೆ ಚೆನ್ನಾಗಿದೆ. 388ನೇ ಪುಟದಲ್ಲಿ ಮಗು ಸಾಯುತ್ತದೆ. ಯಾಕೆ ಅಂತ ಲೇಖಕರನ್ನೇ ಕೇಳಿ. —ಅಕ್ಕ"

ಹಿಂದೆ ಸರಿದು ನೋಡಿದೆ. ಅಕ್ಷರ ನೆಟ್ಟಗೇ ಇದೆ.

ಅದೇ ದಿನ, ಸಂಜೆ 6

ಯಜಮಾನರು ಹಾಳೆ ಕಿತ್ತರು. ಗೋಂದು ಗಟ್ಟಿ, ಬ್ಯಾನರ್ ಸಮೇತ ಬಂತು. ಅಷ್ಟರಲ್ಲಿ ಜನ ಓದಿಯಾಗಿತ್ತು. ಕೇಳಿಯೂ ಬಿಟ್ಟರು. ಇತಿಹಾಸ ಯಾವಾಗಲೂ ಕ್ರೂರ ಅಂತ ಲೇಖಕರು ಹತ್ತು ನಿಮಿಷ ಮಾತಾಡಿದರು. ಕೊನೆಯ ಸಾಲಿನಿಂದ ಕಾಲೇಜು ಹುಡುಗಿ ಎದ್ದಳು.

"ಸರ್, ಆ ಮಗು ಹೆಸರೇನು?"

ಪುಸ್ತಕ ತೆರೆದರು. ಹಿಂದೆ ಮುಂದೆ ತಿರುವಿದರು. ನನಗೆ ಗೊತ್ತಿತ್ತು, ಸಿಗುವುದಿಲ್ಲ. ಆನೆಗೆ, ಕುದುರೆಗೆ, ಫಿರಂಗಿಗೂ ಹೆಸರಿದೆ. ಮಗುವಿಗೆ ಇಟ್ಟಿಲ್ಲ.

ಸೋಮವಾರದಿಂದ ನೋಟ್‌ಬುಕ್ ಕೌಂಟರ್ ನೋಡಿಕೊಳ್ಳಬೇಕಂತೆ ನಾನು.

ಜೂನ್ 19, ಬುಧವಾರ

ಹತ್ತು ದಿನ ಬರೆಯುವ ಮನಸ್ಸಾಗಲಿಲ್ಲ. ಪೆನ್ಸಿಲ್, ರಬ್ಬರ್, ಸ್ಕೇಲ್. ನನ್ನ ಮೇಜಿನ ಮೇಲೆ ಈಗ ಪ್ರಿಂಟ್ ಆದ ಚೀಟಿಗಳು, ಪುಸ್ತಕದ ಬೆನ್ನಿಗಿದ್ದ ಮಾತನ್ನೇ ಇಳಿಸಿದ್ದಾರೆ. ಐದು ಪುಸ್ತಕ, ಐದೂ ಅದ್ಭುತ.

ಓದುವವರು ಇಲ್ಲಿಗೇ ಬಂದು ಕೇಳುತ್ತಾರೆ. ಪೆನ್ ಗೀಚಿ ನೋಡಲು ಇಟ್ಟ ಪ್ಯಾಡ್ ಇದೆ. ಅದರಲ್ಲೇ ಬರೆದು ಹರಿದುಕೊಡುತ್ತೇನೆ. "ನಕ್ಷೆಕಾರನ ಕಥೆ— ಪೂರ್ತಿ ಓದಿದೆ. ನಡುವೆ ಅರವತ್ತು ಪುಟ ಎಳೆತ. ಸಹಿಸಿಕೊಳ್ಳಿ, ಆಮೇಲೆ ಬಿಡುವುದಿಲ್ಲ." ಯಜಮಾನರು ಪ್ಯಾಡ್ ಎತ್ತಿಕೊಂಡು ಹೋದರು. ಇನ್ನೊಂದು ಇಟ್ಟೆ. ನೋಟ್‌ಬುಕ್ ಕೌಂಟರಿನಲ್ಲಿ ಕಾಗದಕ್ಕೇನು ಬರ?

ಜೂನ್ 24, ಸೋಮವಾರ

ಮೇಜಿಗೆ ವಾಪಸ್ ಬರಬಹುದಂತೆ. ಚೀಟಿ ಮೊದಲು ಯಜಮಾನರಿಗೆ ತೋರಿಸಬೇಕು. ಹೊಗಳಿಕೆ ಮಾತ್ರ. ಆಗುವುದಿಲ್ಲ ಅಂದೆ. ಹಠ ಅಂದರು. ಹೌದು, ಹಠವೇ.

ಮೇಜು ಹೋದದ್ದಕ್ಕೆ ಅಳು ಬರಲಿಲ್ಲ. ನರ್ಸಮ್ಮ ಬಂದು ಇಪ್ಪತ್ತು ದಿನವಾಯಿತು. ಅದಕ್ಕೆ ಬಂತು.

ಜೂನ್ 27, ಗುರುವಾರ

ಬಂದರು. ಮೇಜಿನ ಕಡೆ ತಿರುಗಿಯೂ ನೋಡದೆ ನೇರ ನನ್ನ ಹತ್ತಿರ. ಕೈಯಲ್ಲಿ ಬೇರೆ ಅಂಗಡಿಯ ಚೀಲ... ಹೊಟ್ಟೆ ಉರಿಯಿತು, ಸುಳ್ಳೇಕೆ. ಹೊಸ ಕಾದಂಬರಿ ತೆಗೆದರು. ಬಂದರಿನ ಊರು, ಸಾಂಕ್ರಾಮಿಕದ ವರ್ಷ, ಒಬ್ಬ ಸೂಲಗಿತ್ತಿ.

"ಇದರಲ್ಲೂ ಮಗು ಸಾಯುತ್ತೆ. ಆದ್ರೆ ಬರೆದವಳು ಅದನ್ನ ಕೊನೇವರೆಗೂ ಮರೆಯಲ್ಲ. ಪೂರ್ತಿ ಓದ್ದೆ ನಾನು. ನೀನೂ ಓದಿ ಹೇಳು, ನನ್ನಂಥವರ ಕೈಗೆ ಕೊಡಬಹುದಾ ಅಂತ."

ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಸೋಮವಾರ ಬರುತ್ತಾರಂತೆ.

ಜುಲೈ 1, ಸೋಮವಾರ. ಮಧ್ಯಾಹ್ನ 2.10

ಸೂಲಗಿತ್ತಿ ಆ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಎಲ್ಲ ಮಕ್ಕಳ ಕಿವಿಯಲ್ಲೂ ಒಮ್ಮೆ ಹೇಳುತ್ತಾಳೆ. ಎರಡು ಸಲ ಪುಸ್ತಕ ಮುಚ್ಚಿ ಕೂತೆ.

ನರ್ಸಮ್ಮ ಬಂದು ಸ್ಟೂಲ್ ಎಳೆದುಕೊಂಡು ಕೂತಿದ್ದಾರೆ. ಚೀಟಿ ಏನು ಬರೆಯಬೇಕು ಅಂತ ಹೆಚ್ಚುಕಡಿಮೆ ಗೊತ್ತಾಗಿದೆ, ಆದರೂ ಬರೆದಿಲ್ಲ. ಅವರೂ ಅವಸರ ಮಾಡುತ್ತಿಲ್ಲ.

ಯಜಮಾನರು ಮೂರನೇ ಸಲ ಕೂಗಿದರು. ಲಂಚ್ ಮುಗಿದು ಹತ್ತು ನಿಮಿಷವಾಯಿತಂತೆ. ಆಗಲಿ. ಇನ್ನೂ ಹನ್ನೊಂದು ಪುಟ ಇದೆ, ಜಪ್ಪಯ್ಯ ಅಂದರೂ—