ಮಹಡಿ ಮೆಟ್ಟಿಲ ಕೆಳಗೆ ದಸರಾ ಗೊಂಬೆಗಳು

ಇಲ್ಫರ್ಡ್, ಲಂಡನ್, ನವರಾತ್ರಿ

ಅಮ್ಮಾ,

ನೀನು ಕೊಟ್ಟ ಗೊಂಬೆಗಳನ್ನು ಕೂರಿಸಿದ್ದೆ. ಬೆಳಿಗ್ಗೆ ನೋಡಿದರೆ ಪಟ್ಟದ ರಾಜ ರಾಣಿ ಮಾತ್ರ ಉಳಿದಿದ್ದರು. ಮಿಕ್ಕವರನ್ನೆಲ್ಲ, ಅಕ್ಕಿ ಬೇಳೆ ಸಮೇತ ಶೆಟ್ಟಿ ದಂಪತಿಯನ್ನೂ, ನಿನ್ನ ಮೊಮ್ಮಗಳು ಮಹಡಿ ಮೆಟ್ಟಿಲ ಕೆಳಗಿನ ಕಪಾಟಿಗೆ ಸಾಗಿಸಿದ್ದಾಳೆ. ದೊಡ್ಡ ದೇಶಗಳು ಯಾರದೋ ನೆಲಕ್ಕಾಗಿ ಹಲ್ಲು ಮಸೆಯುತ್ತಿವೆ, ಯುದ್ಧ ಇಲ್ಲಿಗೂ ಬರಬಹುದು, ಬಾಂಬು ಬಿದ್ದರೆ ಮೆಟ್ಟಿಲ ಕೆಳಗೆ ಅಡಗಬೇಕು ಎಂದು ಟೀವಿಯಲ್ಲಿ ದಿನವೂ ಕೇಳುತ್ತಾಳಲ್ಲ.

"ರಾಜಾರಾಣೀನ ಯಾಕೆ ಬಿಟ್ಟೆ ಪುಟ್ಟಿ?" ಎಂದೆ.

"ದೇ ಸ್ಟಾರ್ಟೆಡ್ ಇಟ್, ಅಮ್ಮಾ."

ನಗಲು ಹೋದೆ, ಆಗಲಿಲ್ಲ. ಗೊಂಬೆಗಳನ್ನು ಈಚೆ ತೆಗೆದು, ನಿನ್ನ ಅಳಿಯನನ್ನೂ ಕರೆದು, ಮೂವರೂ ಒಳಗೆ ನುಸುಳಿ ನೋಡಿದೆವು. ಮಂಡಿ ಮಡಚಿದರೆ ಕೂರಬಹುದು.

ಮಂಡಿನೋವಿನ ಮಾತ್ರೆ ಬಿಡಬೇಡ. ನೀನು ಇಲ್ಲಿಗೆ ಬರುವ ನವೆಂಬರ್ ಟಿಕೆಟ್ ಕ್ಯಾನ್ಸಲ್ ಮಾಡಿಸಮ್ಮ. ಕಪಾಟಿನಲ್ಲಿ ನಾಲ್ಕನೆಯವರಿಗೆ ಜಾಗವಿಲ್ಲ.

ಬೃಂದಾ