ಅಕ್ಕನ ಮಗು ಅಂದುಬಿಟ್ಟೆ

ಬುಧವಾರ ಮುಗಿದು ಗುರುವಾರ
ರಾತ್ರಿ ಎರಡು ಗಂಟೆ ಹತ್ತು ನಿಮಿಷ

ಅಕ್ಕನಿಗೆ, ನಿನ್ನ ಪುಟ್ಟಿಯ ಪ್ರೀತಿ.

ಪಾಪು ಹಲ್ಲು ಕಡಿಯುವ ಸದ್ದಿಗೆ ಎಚ್ಚರವಾಯಿತು. ಇರೋದೇ ನಾಲ್ಕು ಹಲ್ಲು, ಅದರಲ್ಲೇ ಕಟಕಟ ಅಂತ ಅಷ್ಟು ಸದ್ದು. ಎಚ್ಚರವಾಯಿತು ಅನ್ನೋದೂ ಪೂರ್ತಿ ನಿಜವಲ್ಲ, ಸುಮ್ಮನೆ ಕಣ್ಣು ಮುಚ್ಚಿಕೊಂಡು ಬಿದ್ದಿದ್ದೆ. ನಿನಗೆ ಎರಡು ಸಲ ಫೋನ್ ಮಾಡಿದೆ, ಆಫ್ ಆಗಿದೆ. ಮಲಗುವ ಮುಂಚೆ ನೀನು ಫೋನಿನ ಕತ್ತು ಹಿಸುಕುತ್ತೀಯ ಅಂತ ಭಾವ ಆಡಿಕೊಳ್ಳೋದು ಸುಮ್ಮನೆ ಅಲ್ಲ. ಇವರು ನಾಲ್ಕಕ್ಕೆ ಬ್ರೆಡ್ ವ್ಯಾನ್ ತೆಗೆದುಕೊಂಡು ನಿಮ್ಮ ಬೀದಿಯ ಮೇಲೇ ಹೋಗುತ್ತಾರೆ. ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತಳ್ಳಿ ಬನ್ನಿ ಅಂತ ಕಳಿಸುತ್ತೇನೆ. ಐದಕ್ಕೆ ಏಳುತ್ತೀಯಲ್ಲ, ಕಾಲಿಗೇ ಸಿಗುತ್ತದೆ.

ನಿನ್ನೆ ನೀನು ರಜೆ ಹಾಕಿ ನೋಡಿಕೊಂಡ ಪಾಪುವನ್ನು ಸಂಜೆ ಕರೆದುಕೊಂಡು ಹೋಗಲು ನಾನು ಬಂದಾಗ, ಇಂಟರ್‌ವ್ಯೂ ಹೇಗಾಯ್ತೇ ಅಂತ ನೀನು ಕೇಳಿದೆ. ನಾನು ಚೆನ್ನಾಗಾಯ್ತು ಅಂದು, ಹಿಮ್ಮಡಿಯ ಬೊಬ್ಬೆ ತೋರಿಸಿ ಮಾತು ಹಾರಿಸಿದೆ. ನೀನು ಬಿಸಿನೀರು ತಂದು ನನ್ನ ಕಾಲು ಅದ್ದಿಸಿದೆ. ಆ ನೀರಲ್ಲಿ ಕಾಲಿಟ್ಟು ಕೂತು ನಿನ್ನ ಮುಖ ನೋಡಲಾಗಲಿಲ್ಲ.

ಚೆನ್ನಾಗೇ ಆಯಿತು ಅಕ್ಕ, ಅದೇ ತೊಂದರೆ. ಗಗನಸಖಿ ಕೆಲಸಕ್ಕೆ ಮುನ್ನೂರು ಹುಡುಗಿಯರು ಬಂದಿದ್ದರು. ಬರಿಗಾಲಲ್ಲಿ ತುದಿಬೆರಳ ಮೇಲೆ ನಿಂತು ಗೋಡೆಗೆ ಅಂಟಿಸಿದ್ದ ಹಳದಿ ಟೇಪು ಮುಟ್ಟಬೇಕಿತ್ತು, ವಿಮಾನದಲ್ಲಿ ಮೇಲಿನ ಗೂಡಿಗೆ ಕೈ ಎಟುಕಬೇಕಂತೆ. ಕುಳ್ಳಿ ಅಂತ ರೇಗಿಸಿದವಳು ನೀನು, ನಾನು ಮುಟ್ಟಿದೆ. ಆಮೇಲೆ ಕುರ್ಚಿಗಳ ಸಾಲಿನ ನಡುವೆ, ಅಂಚಿನವರೆಗೆ ನೀರು ತುಂಬಿದ ಲೋಟಗಳ ಟ್ರೇ ಹಿಡಿದು ನಗುತ್ತಾ ನಡೆಯಬೇಕಿತ್ತು. ಒಂದು ಹನಿ ಚೆಲ್ಲಲಿಲ್ಲ. ಮಗುವನ್ನು ಸೊಂಟದ ಮೇಲಿಟ್ಟು ಬಿಸಿ ಪಾತ್ರೆ ಇಳಿಸುವವಳಿಗೆ ಅದೇನು ದೊಡ್ಡದು?

ಪಾಪುವಿನ ಭವಿಷ್ಯಕ್ಕಾಗಿ ಈ ಕೆಲಸ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ, ಅದಕ್ಕಲ್ಲ. ಆ ಟ್ರೇ ಹಿಡಿದು ಹೋಗಿ ಬಂದ ಎರಡು ನಿಮಿಷ ಯಾರೂ ನನ್ನನ್ನು ಕೂಗಲಿಲ್ಲ. ನನ್ನ ಬೆನ್ನು ನೆಟ್ಟಗಿತ್ತು. ಡಿಗ್ರಿ ಮುಗಿಸಿದ ವರ್ಷದ ನಾನು ಎದುರಿಗೆ ಬಂದು ಕೈಕುಲುಕಿದ ಹಾಗಾಯಿತು.

ನಿನಗೆ ಹೇಳದೆ ಬಿಟ್ಟ ಸಂಗತಿ ಒಂದಿದೆ. ಎರಡು ವರ್ಷದೊಳಗಿನ ಮಗು ಇರುವವರು ಅರ್ಜಿ ಹಾಕುವ ಹಾಗಿಲ್ಲ ಅಂತ ಜಾಹೀರಾತಿನಲ್ಲೇ ಇತ್ತು. ಕಾಯೋಣವೆಂದರೆ ಬರುವ ವರ್ಷ ನನ್ನ ವಯಸ್ಸು ಮೀರುತ್ತದೆ. ಫಾರಮ್ಮಿನಲ್ಲಿ ಮಕ್ಕಳು ಅನ್ನುವ ಕಡೆ 'ಇಲ್ಲ' ಅಂತ ಬರೆದೆ. ಆ ಎರಡಕ್ಷರ ಬರೆದು, ಒಂದು ಗಳಿಗೆಯೂ ನಿಲ್ಲದೆ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟೆ ಕಣೇ. ಈ ಹೊತ್ತಲ್ಲಿ ನೆನೆದರೆ ಅದಕ್ಕೇ ಹೆಚ್ಚು ಭಯವಾಗುತ್ತದೆ.

ಕೊನೆಗೆ ಒಂಬತ್ತು ಜನ ಉಳಿದೆವು. ವಯಸ್ಸಾದ ಮೇಡಂ ಒಬ್ಬರು, ಇಪ್ಪತ್ತೆರಡು ವರ್ಷ ವಿಮಾನದಲ್ಲೇ ದುಡಿದವರು, ಮಡಿಚಿ ಕಟ್ಟಿದ ಒಂದೊಂದು ಲೈಫ್ ಜಾಕೆಟ್ಟನ್ನು ನಮ್ಮ ಕೈಗೆ ಕೊಟ್ಟು, ವಿಮಾನ ನೀರಿಗಿಳಿದರೆ ಏನು ಮಾಡಬೇಕು ಅಂತ ಹೇಳತೊಡಗಿದರು. ನಾನು ಕಣ್ಣು ಮಿಟುಕಿಸದೆ ಕೇಳುತ್ತಿದ್ದೆ. ಪಕ್ಕದ ಹುಡುಗಿ ಮೊಣಕೈಯಲ್ಲಿ ತಿವಿದು, "ಅಕ್ಕಾ, ಮಲಗ್ತಾ ಅದು?" ಅಂದಳು. ನೋಡಿಕೊಂಡರೆ ಜಾಕೆಟ್ಟು ನನ್ನ ಎಡ ಸೊಂಟದ ಮೇಲೆ ಕೂತಿದೆ. ನನ್ನ ಬಲಗೈ ಅದರ ಬೆನ್ನು ತಟ್ಟುತ್ತಿದೆ. ಇಡೀ ಮೈ ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತಿದೆ. ಉಳಿದವರೆಲ್ಲ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ.

ಎಲ್ಲ ಮುಗಿದ ಮೇಲೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು, ಟೊಮೆಟೊ ರೇಟು ಕೇಳುವ ಹಾಗೆ, "ಎಷ್ಟು ತಿಂಗಳು?" ಅಂದರು. "ಹನ್ನೊಂದು" ಅಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ತಿಳಿಯಿತು. ಆ ಕ್ಷಣಕ್ಕೆ ಹೊಳೆದದ್ದು ನೀನೊಬ್ಬಳೇ. "ಅಕ್ಕನ ಮಗು ಮೇಡಂ, ಅಕ್ಕ ಕೆಲಸಕ್ಕೆ ಹೋಗ್ತಾಳೆ, ನಾನೇ ನೋಡ್ಕೋತೀನಿ" ಅಂದೆ. ನೀನು ನನಗೆ ಮಾಡಿದ್ದನ್ನೇ ತಿರುವಿ ಹಾಕಿ, ನಾನು ನಿನಗೆ ಮಾಡುತ್ತಿದ್ದೇನೆ ಅಂತ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ಅಕ್ಕನ ನಂಬರ್ ಕೊಡಿ. ಬೆಳಗ್ಗೆ ಏಳಕ್ಕೆ ಅವರ ಹತ್ರ ಮಾತಾಡ್ತೀನಿ. ಮನೆಯವರ ಜೊತೆ ಮಾತಾಡದೆ ನಾನು ಯಾರನ್ನೂ ತರಬೇತಿಗೆ ಕಳಿಸಲ್ಲ" ಅಂದರು. ಕೊಟ್ಟೆ.

ಏಳಕ್ಕೆ ನೀನು ಹೋಟೆಲಿನ ಲಾಂಡ್ರಿಯಲ್ಲಿ ಒದ್ದೆ ಹಾಸಿಗೆ ಬಟ್ಟೆ ಹಿಂಡುತ್ತಿರುತ್ತೀಯ. 'ಹೌದು, ನನ್ನ ಮಗು' ಅಂತ ನೀನು ಅಂದರೆ ಕೆಲಸ ನನ್ನದು, ಮೂರು ತಿಂಗಳ ತರಬೇತಿಗೆ ಹೊರಡುತ್ತೇನೆ. ಅಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಇವರಿಗೆ ಇದು ಯಾವುದೂ ಗೊತ್ತಿಲ್ಲ. "ನೀನು ಹೋಗು, ಪಾಪುನ ನಾವು ನೋಡ್ಕೋತೀವಿ" ಅಂದು ಗೊರಕೆ ಹೊಡೆಯುತ್ತಿದ್ದಾರೆ.

ಹೌದು ಅನ್ನು ಅಂತ ಕೇಳಿಕೊಳ್ಳಲೆಂದೇ ಈ ಕಾಗದ ಶುರು ಮಾಡಿದೆ. ಇಲ್ಲಿಗೆ ಬರುವಷ್ಟರಲ್ಲಿ ಕೈ ಓಡುತ್ತಿಲ್ಲ. ಎರಡು ವರ್ಷದ ಹಿಂದೆ, ಏಳು ತಿಂಗಳು ತುಂಬಿ, ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದೆ ನೀನು. ನೀನು ಹೊಲಿದಿಟ್ಟಿದ್ದ ಅಂಗಿಗಳನ್ನೇ ನನ್ನ ಪಾಪು ಈಗ ಹಾಕಿಕೊಂಡು ಮಲಗಿದ್ದಾಳೆ. ಕೊಡುವಾಗ ನೀನು ಅಂದದ್ದು ಒಂದೇ ಮಾತು, ಗುಂಡಿ ಸ್ವಲ್ಪ ಸಡಿಲ, ನೋಡ್ಕೋ ಅಂತ. ಅಂಥವಳ ಮಡಿಲಿಗೆ, ಒಂದು ಮಾತೂ ಕೇಳದೆ, ಸುಳ್ಳು ಮಗುವನ್ನು ಹಾಕಿ ಬಂದಿದ್ದೇನೆ.

ಹೌದು ಅಂದರೆ ನಿನಗೆ ಸಂಕಟವಾಗುತ್ತದೆ ಅನ್ನಿಸಿದರೆ ಅನ್ನಬೇಡ, ಬೇಡ ಅಂತ ಒಂದು ಮೆಸೇಜು ಹಾಕು. ಆರೂವರೆಗೆ ನಾನೇ ಮೇಡಂಗೆ ಫೋನ್ ಮಾಡಿ ನಿಜ ಹೇಳುತ್ತೇನೆ, ಅವರ ಕಾರ್ಡು ನನ್ನ ಹತ್ತಿರ ಇದೆ. ಯಾಕೆ ಅಂತ ನಿನ್ನನ್ನು ಕೇಳುವುದಿಲ್ಲ, ಮುಖ ಊದಿಸಿಕೊಳ್ಳುವುದೂ ಇಲ್ಲ. ಸಂಜೆ ಎಂದಿನ ಹಾಗೆ ಪಾಪುವನ್ನು ಎತ್ತಿಕೊಂಡು ಬರುತ್ತೇನೆ.

ನಿನ್ನ ತಂಗಿ,
ಪುಟ್ಟಿ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಕೊನೆಗೆ ಉಳಿಸಿಕೊಂಡದ್ದು: ನಂಬರ್ ಬರೆದುಕೊಂಡ ಮೇಲೆ ಮೇಡಂ ಮಗುವಿನ ಹೆಸರೇನು ಅಂತ ಕೇಳಿದರು. ಪಾಪುವಿನ ಹೆಸರು ನಾಲಿಗೆ ತುದಿಗೆ ಬಂತು, ಹೇಳಲಾಗಲಿಲ್ಲ. ಅದನ್ನೂ ಹೇಳಿಬಿಟ್ಟರೆ ಅವಳನ್ನು ನಿಜಕ್ಕೂ ಕೊಟ್ಟುಬಿಟ್ಟೆ ಅನ್ನಿಸಿತು. ಆಗ ಬಾಯಿಗೆ ಬಂದದ್ದು ಬೇರೆ ಹೆಸರು. ಆವತ್ತು ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು, ಹೀಗಂತ ಕರೀಬೇಕು ಅಂದುಕೊಂಡಿದ್ದೆ ಕಣೇ ಅಂತ ನನಗೊಬ್ಬಳಿಗೇ ಹೇಳಿದೆಯಲ್ಲ, ಭಾವನಿಗೂ ಹೇಳದ್ದು, ಆ ಹೆಸರು. ಅವರು ಫೈಲಿನಲ್ಲಿ ಬರೆದುಕೊಂಡರು. ಏಳು ಗಂಟೆಗೆ ಆ ಹೆಸರು ಹಿಡಿದೇ ಕೇಳುತ್ತಾರೆ. ಅದು ಯಾರೋ ಗೊತ್ತಿಲ್ಲದವರ ಬಾಯಲ್ಲಿ, ಮೆಷಿನ್‌ಗಳ ಸದ್ದಿನ ನಡುವೆ ನಿನ್ನ ಕಿವಿಗೆ ಬೀಳುವ ಮುಂಚೆ ನಿನ್ನ ದನಿ ನನಗೆ ಕೇಳಬೇಕು. ಕೆಲಸದ ಮಾತು ಬೇಡ. ಬೈಯೋಕಾದರೂ ಸರಿ, ಸುಮ್ಮನೆ ಅಳೋಕಾದರೂ ಸರಿ, ಬೆಳಕು ಹರಿಯೋದರೊಳಗೆ ಒಂದು ಸಲ ಫೋನ್ ಮಾಡೇ ಅಕ್ಕ.