ಇನ್ನೊಂದು ಸಲ ಕೇಳಮ್ಮ

ಅಮ್ಮಾ,

ಇವತ್ತು ಕೋಲಾರದ ಕಾಲೇಜಿನಲ್ಲಿ ನನ್ನ ಸಂಶೋಧನೆಯನ್ನು ಮಂಡಿಸಿದೆ. ವಯಸ್ಸಾದ ಹೆಂಗಸರ ಒಂಟಿತನ. "ಇದಕ್ಕೂ ಓದ್ಬೇಕೇನೇ?" ಎಂದು ನಕ್ಕಿದ್ದೆಯಲ್ಲ, ಅದೇ.

ಸಭೆಯಲ್ಲಿ ಹೆಸರು ಹೇಳಲಿಲ್ಲ, ನಿನಗೆ ಹೇಳುತ್ತೇನೆ: ಗೌನಿಪಲ್ಲಿಯ ಮುನಿಲಕ್ಷ್ಮಮ್ಮ. ನಿನ್ನ ತಿಥಿ ಮುಗಿದ ವಾರ ಅವರ ಮನೆಗೆ ಹೋಗಿದ್ದೆ. ಸೊಸೆ, ಮೊಮ್ಮಕ್ಕಳು, ಪಕ್ಕದ ಮನೆಯವರು ಎಲ್ಲ ಸುತ್ತ ಕೂತರು.

"ಮನಸಿನ ಮಾತು ಹೇಳ್ಕೊಳ್ಳೋಕೆ ಯಾರೂ ಇಲ್ಲ ಅನ್ಸುತ್ತಾ?" ಎಂದು ಕೇಳಿದೆ.

ಅವರು ಬಾಯಿ ತೆರೆಯುವ ಮೊದಲೇ ಸೊಸೆ, "ಇಷ್ಟೊಂದ್ ಜನ ಇದೀವಲ್ಲ!" ಎಂದಳು. ಮುನಿಲಕ್ಷ್ಮಮ್ಮ ತಲೆಯಾಡಿಸಿದರು. ನಾನೂ ಹಾಗೇ ಬರೆದುಕೊಂಡೆ.

ಆಮೇಲೆ ಬಸ್ಸು ಹತ್ತಿಸಲು ಅವರೊಬ್ಬರೇ ಬಂದರು. ಮಾವಿನ ತೋಪಿನ ಹತ್ತಿರ ನಿಂತು, "ಆ ಪ್ರಶ್ನೆ ಇನ್ನೊಂದ್ಸಲ ಕೇಳಮ್ಮ" ಎಂದರು. ಕೇಳಿದೆ. ಬಸ್ಸು ಬಂದು ಹೋಯಿತು. ಅವರ ಮಾತು ಮುಗಿದಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿಯೊಬ್ಬರನ್ನೂ ಮನೆಯವರ ಎದುರು ಒಮ್ಮೆ, ಒಬ್ಬರೇ ಇದ್ದಾಗ ಇನ್ನೊಮ್ಮೆ ಕೇಳಿದೆ. ಬಹಳಷ್ಟು ಜನರ ಉತ್ತರ ಬದಲಾಯಿತು. ನಾನು ಕಂಡುಕೊಂಡದ್ದು ಇಷ್ಟೇ. ಅದಕ್ಕೇ ಚಪ್ಪಾಳೆ ತಟ್ಟಿದರು.

ಕೊನೆಗೆ ಒಬ್ಬರು ಮೇಡಂ, "ಎಲ್ಲರನ್ನೂ ಎರಡು ಸಲ ಕೇಳಿದ್ರಾ?" ಎಂದರು.

"ಒಬ್ಬರನ್ನ ಬಿಟ್ಟು, ಮೇಡಂ. ಪ್ರಶ್ನೆ ಅರ್ಥ ಆಗುತ್ತಾ ಅಂತ ನೋಡೋಕೆ ಅವರನ್ನ ಎಲ್ಲರಿಗಿಂತ ಮೊದಲು ಕೇಳಿದ್ದೆ. ಅದು ಲೆಕ್ಕಕ್ಕೆ ಬರಲ್ಲ" ಎಂದೆ.

ನಿನ್ನನ್ನು ಕೇಳಿದ ಅವತ್ತು ಅಪ್ಪ, ಅಣ್ಣ ಊಟಕ್ಕೆ ಕೂತಿದ್ದರು. ನೀನು ಮುದ್ದೆ ಕಟ್ಟುತ್ತಾ, "ನಂಗೇನ್ ಕಮ್ಮಿ ಆಗಿದೆ ಬಿಡೇ" ಎಂದಿದ್ದೆ.

ಈಗ ಅದೇ ಅಡುಗೆಮನೆಯಲ್ಲಿ ಕೂತಿದ್ದೇನೆ. ಅಪ್ಪ, ಅಣ್ಣ ಹೊರಗೆ ಹೋಗಿದ್ದಾರೆ. ಮನೆಯಲ್ಲಿ ಬೇರೆ ಯಾರೂ ಇಲ್ಲ, ಅಮ್ಮ.